ಹೆಚ್ಚಾದ ನಾಲ್ಕು ಕಿಲೋ

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತುವುದು ನನ್ನ ಕೆಲಸ. ಯಂತ್ರದ ಮೇಲೆ ಪೆಟ್ಟಿಗೆ ಇಟ್ಟು ಗುಂಡಿ ಒತ್ತಿದರೆ ಅದು ತಿರುಗುತ್ತದೆ, ನಾನು ಹಾಳೆಯನ್ನು ಎಳೆದು ಹಿಡಿಯುತ್ತೇನೆ. ಮಹಾ ವಿದ್ಯೆಯೇನಲ್ಲ. ಆದರೆ ನನ್ನ ಮಾತು ಕೇಳದವರು ಕೌಂಟರಿನಿಂದ ಮುಖ ಸಪ್ಪಗೆ ಮಾಡಿಕೊಂಡು ವಾಪಸ್ ಬರುವುದನ್ನು ದಿನವೂ ನೋಡುತ್ತೇನೆ. "ಮೊದ್ಲು ತೂಕ, ಆಮೇಲೆ ಸುತ್ತೋದು!" ಎಂದು ಎಲ್ಲರಿಗೂ ಕೂಗಿ ಹೇಳುತ್ತೇನೆ. ಒರಟ ಅನ್ನುತ್ತಾರೆ. ಅನ್ನಲಿ. ಹೆಚ್ಚಿನ ತೂಕಕ್ಕೆ ದಂಡ ಕಟ್ಟುವವರು ಅವರು.

ಆ ದಂಡ ತಪ್ಪಿಸಲು ಜನ ಪಡುವ ಪಾಡು ಒಂದೆರಡಲ್ಲ. ಒಬ್ಬ ಒಂದರ ಮೇಲೊಂದು ಮೂರು ಪ್ಯಾಂಟು ಹಾಕಿಕೊಂಡು ಬಂದಿದ್ದ. ಪಾಸ್‌ಪೋರ್ಟು ಕೆಳಗೆ ಬಿದ್ದರೆ ಬಗ್ಗಲಾಗದೆ ನನ್ನ ಮುಖ ನೋಡಿದ. ನಾನೇ ಎತ್ತಿ ಕೊಟ್ಟೆ. ಇನ್ನೊಬ್ಬಳು ಕೋಟಿನ ಒಳಜೇಬುಗಳಿಗೆಲ್ಲ ಪುಸ್ತಕ ತುರುಕಿಕೊಂಡು ತುಂಬು ಬಸುರಿಯಂತೆ ನಡೆದಳು. ಪೆಟ್ಟಿಗೆ ತಕ್ಕಡಿಯ ಮೇಲಿದ್ದಾಗ ಅದರ ಅಂಚನ್ನು ಕಾಲ್ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿಯುವವರಿದ್ದಾರೆ. ಕೌಂಟರಿನ ಹುಡುಗಿ "ಸಾರ್, ಕಾಲು" ಅಂದರೆ ಹಲ್ಲು ಕಿರಿಯುತ್ತಾರೆ.

ಇಷ್ಟೆಲ್ಲ ಕಂಡ ನಾನು ನನ್ನ ಹೆಂಡತಿಯ ಪೆಟ್ಟಿಗೆಯನ್ನು ತೂಗದೆ ಸುತ್ತಿದೆ.

ಅವಳು ಹೊರದೇಶದ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬಳನ್ನು ನೋಡಿಕೊಳ್ಳುತ್ತಾಳೆ. ಮಗಳ ಓದಿನ ಖರ್ಚಿಗೆಂದು ಹೋದವಳು. "ಅವಳ ಓದು ಮುಗೀಲಿ, ಬಂದ್ಬಿಡ್ತೀನಿ" ಅಂದಿದ್ದಳು. ಓದು ಮುಗಿಯಿತು. ಮಗಳಿಗೆ ಬೇರೆ ಊರಿನಲ್ಲಿ ಕೆಲಸವೂ ಸಿಕ್ಕಿತು. ಹೆಂಡತಿ ಒಂದು ತಿಂಗಳ ರಜೆಯಲ್ಲಿ ಬಂದಳು. ಪೂರ್ತಿಯಾಗಿ ಬರುವುದು ಯಾವಾಗ ಎಂದು ಕೇಳಿದರೆ "ನೋಡೋಣ" ಅನ್ನುತ್ತಿದ್ದಳು. ಒಲೆ ಉಜ್ಜಿದಳು. ಸೋರುವ ನಲ್ಲಿಗೆ ವಾಷರು ಹಾಕಿಸಲಿಲ್ಲವೆಂದು ನನಗೆ ಬೈದಳು. ಅಡುಗೆಮನೆಯ ಕಿಟಕಿಗೆ ಪರದೆ ಹೊಲಿದಳು, ಅದೇ ಬಟ್ಟೆಯಲ್ಲಿ ಇನ್ನೊಂದನ್ನೂ ಹೊಲಿದಳು. ಎರಡನೆಯದು ಯಾವ ಕಿಟಕಿಗೆ ಎಂದು ನಾನು ಕೇಳಲಿಲ್ಲ.

ಅವಳು ಸ್ನಾನ ಮಾಡಿ ಬಂದರೆ ನಡುಮನೆಯಲ್ಲಿ ಒದ್ದೆ ಹೆಜ್ಜೆ ಮೂಡುತ್ತದೆ. ಹಿಂದೆ ಅದಕ್ಕೇ ಜಗಳ ತೆಗೆಯುತ್ತಿದ್ದೆ. ಈ ತಿಂಗಳು ಅವು ಆರುವ ತನಕ ದಾಟಿಕೊಂಡು ಓಡಾಡಿದೆ.

ಹೊರಡುವ ದಿನ ಬೆಳಿಗ್ಗೆ ಅವಳೇ ಪೆಟ್ಟಿಗೆ ತುಂಬಿ ಬೀಗ ಹಾಕಿ, "ನಿಮ್ಮ ಕೈಯಾರೆ ಸುತ್ತಿ ಕೊಡಿ" ಅಂದಳು. ಒಂದು ಸಲ ಎತ್ತಿ ನೋಡಿದೆ. ಕೈಯಲ್ಲೇ ತೂಕ ಹೇಳುತ್ತೇನೆಂಬ ಜಂಬ ನನಗೆ. ಅವತ್ತು ಬೆಳಿಗ್ಗೆಯಿಂದ ನೀರಿನ ಚೊಂಬು ಎತ್ತಿದರೂ ಭಾರವಾಗಿತ್ತು, ಪೆಟ್ಟಿಗೆಯ ಭಾರ ಎಲ್ಲಿ ತಿಳಿಯಬೇಕು? ನಿಲ್ದಾಣಕ್ಕೆ ಬಂದು, ಯಾರಿಗೂ ಸುತ್ತದಷ್ಟು ಬಿಗಿಯಾಗಿ, ಮೂಲೆ ಮೂಲೆಗೂ ಎಳೆದು ಸುತ್ತಿದೆ.

ಕೌಂಟರಿನ ಹುಡುಗಿ ತಕ್ಕಡಿ ನೋಡಿ ನನ್ನ ಕಡೆ ನೋಡಿದಳು. "ಅಣ್ಣಾ, ನಾಲ್ಕು ಕಿಲೋ ಹೆಚ್ಚಿದೆ."

"ತಕ್ಕಡಿ ಕೆಟ್ಟಿರ್ಬೇಕು ನೋಡಮ್ಮ."

"ದಿನಾ ಇದೇ ಮಾತು ಹೇಳೋರನ್ನ ಬೈಯೋದು ನೀವೇ ಅಲ್ವಾ ಅಣ್ಣಾ?"

ಸಾಲಿನಲ್ಲಿದ್ದವರು ನಕ್ಕರು. ನನಗೆ ಉರಿಯಿತು. "ನಾಲ್ಕು ಕಿಲೋಗೆ ನಿಮ್ಮ ವಿಮಾನ ಕೆಳಗೆ ಬೀಳುತ್ತಾ?"

"ಬೀಳಲ್ಲ. ಆದ್ರೆ ಎಲ್ರೂ ನಂದು ನಾಲ್ಕೇ ಕಿಲೋ ಅಂದ್ರೆ? ಭಾರ ಹೆಚ್ಚಿದಷ್ಟೂ ಇಂಧನ ಹೆಚ್ಚು ಸುಡುತ್ತೆ. ಹೊರೋರಿಗೆ ಕೂಲಿ ಬೇರೆ."

ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಿಂದೆ ಟಿಕೆಟ್ಟಿನಲ್ಲೇ ಎಲ್ಲವೂ ಸೇರಿರುತ್ತಿತ್ತು. ಈಗ ಜನ ಫೋನಿನಲ್ಲಿ ದರಗಳನ್ನು ಸಾಲಾಗಿಟ್ಟು ಎಲ್ಲಕ್ಕಿಂತ ಅಗ್ಗದ್ದನ್ನು ಒತ್ತುತ್ತಾರೆ. ಅದಕ್ಕೇ ಕಂಪನಿಗಳು ಟಿಕೆಟ್ಟನ್ನು ಅಗ್ಗ ಮಾಡಿ ತೋರಿಸುತ್ತವೆ, ಪೆಟ್ಟಿಗೆಗೆ, ಸೀಟಿಗೆ, ಊಟಕ್ಕೆ ಬೇರೆಬೇರೆಯಾಗಿ ಕೀಳುತ್ತವೆ. ಕೈಬೀಸಿಕೊಂಡು ಹೋಗುವವನಿಗೆ ಅದು ನ್ಯಾಯವೇ. ವರ್ಷಗಟ್ಟಲೆ ಇರಲು ಹೋಗುವವಳು ಕೈಬೀಸಿಕೊಂಡು ಹೇಗೆ ಹೋಗುತ್ತಾಳೆ?

ಪಕ್ಕಕ್ಕೆ ಎಳೆದು ನಾನೇ ಸುತ್ತಿದ್ದನ್ನು ನಾನೇ ಬ್ಲೇಡಿನಿಂದ ಕೊಯ್ದೆ. ಎಷ್ಟು ಕೊಯ್ದರೂ ಬಿಡುತ್ತಿರಲಿಲ್ಲ, ದರಿದ್ರದ್ದು. ಹೆಂಡತಿ ನೆಲದ ಮೇಲೆ ಕುಳಿತು ಸೋಪು, ಟವೆಲು, ಮಗಳು ಕೊಟ್ಟ ಚಪ್ಪಲಿ ತೆಗೆದಿಟ್ಟಳು. ನಾನು ತಳಕ್ಕೆ ಕೈ ಹಾಕಿದೆ. ನನ್ನ ಹಳೆಯ ಅಂಗಿಯಲ್ಲಿ ಸುತ್ತಿಟ್ಟ ಒಂದು ಗಟ್ಟಿ ವಸ್ತು ಸಿಕ್ಕಿತು. ಬಿಚ್ಚಿದರೆ ನಮ್ಮ ಅಡುಗೆಮನೆಯ ಕಲ್ಲಿನ ಕುಟ್ಟಾಣಿ!

"ಇದ್ಯಾಕೆ ಇಲ್ಲಿ?"

"ಬೇಕು."

"ಅಲ್ಲಿ ಮಿಕ್ಸಿ ಇಲ್ವಾ?"

"ಇದೆ. ಅದು ಅವರದ್ದು. ಇದು ಹೆಚ್ಚಾಗೋದಾದ್ರೆ ಕೈಚೀಲಕ್ಕೆ ಹಾಕ್ಕೋತೀನಿ."

"ಕಲ್ಲಿನ ಗುಂಡನ್ನ ವಿಮಾನದೊಳಗೆ ಬಿಡ್ತಾರಾ? ತಲೆ ಒಡೆಯೋಕೆ ಹೊರಟಿದ್ದಾಳೆ ಅಂತ ಹಿಡ್ಕೋತಾರೆ."

ಕುಟ್ಟಾಣಿಯ ಕೆಳಗೆ ಆ ಎರಡನೆಯ ಪರದೆ ಇತ್ತು. ಎರಡು ತಟ್ಟೆ, ಎರಡು ಲೋಟ, ಸೌಟು. ನಾನು ದಡ್ಡನಲ್ಲ. ವಾಪಸ್ ಬರುವವರು ಮನೆಯ ಕುಟ್ಟಾಣಿ ಹೊತ್ತುಕೊಂಡು ಹೋಗುವುದಿಲ್ಲ.

"ಎಷ್ಟು ವರ್ಷಕ್ಕೆ ಹೋಗ್ತಿದ್ದೀಯ?"

ಅವಳು ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಐದು."

"ಐದಾ! ಬಾಯಿ ಬಿಟ್ಟು ಹೇಳೋಕೇನಾಗಿತ್ತೇ ನಿನಗೆ?"

"ಹೇಳಿದ್ರೆ ಹೀಗೇ ಕೂಗ್ತಿದ್ರಿ."

"ನಾನೆಲ್ಲಿ ಕೂಗ್ತಿದ್ದೀನಿ!"

ನೆಲ ಒರೆಸುವವಳು ಕೋಲು ಹಿಡಿದು ನಿಂತುಬಿಟ್ಟಳು. ಸಾಲಿಗೆ ಸಾಲೇ ನಮ್ಮ ಕಡೆ ತಿರುಗಿತ್ತು.

ಹೆಂಡತಿ ತಲೆಯೆತ್ತಲಿಲ್ಲ. ಪೆಟ್ಟಿಗೆಯೊಳಕ್ಕೇ ಮಾತಾಡುವವಳಂತೆ ಹೇಳಿದಳು. "ಅಜ್ಜಿಯ ಮಗ ಹಿತ್ತಲಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿದ್ದಾನೆ. ಬಾಗಿಲು ಬೇರೆ, ಒಲೆ ಬೇರೆ. ಒಂದು ಕಿಟಕಿ ಇದೆ. ಇಬ್ರು ಇರ್ಬಹುದು."

"ಯಾರಿಬ್ರು?"

"ಎದುರುಮನೆಯವ್ರು! ಯಾರಿಬ್ರು ಅಂತ ಕೇಳ್ತಾರೆ ನೋಡು."

ಮಡಿಸಿದ ಟವೆಲನ್ನು ಅವಳು ನೆಲಕ್ಕೆ ಬಡಿದಳು.

"ಇಷ್ಟು ವರ್ಷ ನೀವು ಫೋನಲ್ಲಿ ಕೇಳಿದ್ದು ಒಂದೇ. ಯಾವಾಗ ಬರ್ತೀಯ, ಯಾವಾಗ ಬರ್ತೀಯ. ನಾನೇ ಬರ್ಲಾ ಅಂತ ಒಂದು ಸಲನಾದ್ರೂ ಕೇಳಿದ್ರಾ? ಈ ತಿಂಗಳಾದ್ರೂ ಕೇಳ್ತಾರೆ ಅಂತ ಕಾದೆ. ನಾನಾಗೇ ಕರೆದು ನೀವು ಆಗಲ್ಲ ಅಂದ್ಬಿಟ್ರೆ? ಆಮೇಲೆ ಆ ಕೋಣೆಯಲ್ಲಿ ನಾನು ಹೇಗಿರ್ಲಿ?"

ಉತ್ತರ ಕೊಡಬೇಕಿತ್ತು. ಬಾಯಿಗೆ ಬಂದದ್ದು ಬರೀ ಸಿಡುಕು. "ಅಲ್ಲಿ ನನಗೇನು ಕೆಲ್ಸ ಇದೆ? ಅವರ ಭಾಷೆ ಬರುತ್ತಾ ನನಗೆ?"

"ಮಾತಾಡೋಕೆ ನಾನಿದ್ದೀನಲ್ಲ."

"ಅಣ್ಣಾ, ಕೌಂಟರ್ ಮುಚ್ಚೋ ಹೊತ್ತಾಯ್ತು" ಎಂದು ಹುಡುಗಿ ಕರೆದಳು.

ಹೆಂಡತಿ ಕಣ್ಣೊರೆಸಿಕೊಂಡು ಎದ್ದಳು. ಕುಟ್ಟಾಣಿಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದಳು. "ತಗೊಳ್ಳಿ. ಮನೆಗೆ ವಾಪಸ್ ಒಯ್ಯಿರಿ."

ಸ್ವಲ್ಪ ಮುಂಚೆ ನನಗೆ ಬೇಕಿದ್ದದ್ದೂ ಅದೇ. ಕಲ್ಲು ಮನೆಯಲ್ಲಿದ್ದರೆ ಅವಳು ಬಂದೇ ಬರುತ್ತಾಳೆ ಎಂದುಕೊಂಡಿದ್ದೆ. ಆದರೆ ಅದು ಕೈಗೆ ಬಂದಾಗ, ಸಂಜೆ ಆ ಅಡುಗೆಮನೆಯಲ್ಲಿ ಒಬ್ಬನಿಗೆಂದು ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳಿಸಿದಂತಾಯಿತು. ಐದು ವರ್ಷ ಆ ಸದ್ದು.

ಅಂಗಿ ಸುತ್ತಿ ಅದನ್ನು ಪೆಟ್ಟಿಗೆಯ ನಡುವೆ ಇಟ್ಟೆ. ಸೋಪು, ಟವೆಲು, ಚಪ್ಪಲಿ ಎಲ್ಲ ಒಳಗೆ ತುರುಕಿ, ಮೊಣಕಾಲೂರಿ ಮುಚ್ಚಳ ಒತ್ತಿ ತಕ್ಕಡಿಯ ಮೇಲೆ ಎತ್ತಿಟ್ಟೆ.

"ದಂಡ ಬರಿಯಮ್ಮ."

"ಒಂದೆರಡು ಕಿಲೋ ನೋಡೀನೋಡದ ಹಾಗೆ ಬಿಡ್ತೀನಿ ಅಣ್ಣಾ."

"ಬೇಡ. ಪೂರ್ತಿ ಹಾಕು."

"ರೀ, ಹುಚ್ಚಾ ನಿಮ್ಗೆ?" ಹೆಂಡತಿ ತೋಳು ಹಿಡಿದೆಳೆದಳು. "ಆ ದುಡ್ಡಿಗೆ ಅಲ್ಲೇ ಹೊಸದು ಬರುತ್ತೆ."

"ಬರ್ಲಿ. ಹೊಸದ್ರಲ್ಲಿ ನನಗೆ ಕುಟ್ಟೋಕೆ ಬರಲ್ಲ."

ಹಿಡಿದ ತೋಳನ್ನು ಅವಳು ಬಿಡಲಿಲ್ಲ. ಆಮೇಲೆ ಕೇಳಿದಳು, "ಪಾಸ್‌ಪೋರ್ಟ್ ಇದೆಯಾ ನಿಮ್ಗೆ?"

"ಇಲ್ಲ."

"ದಿನಾ ಇಲ್ಲೇ ಬಿದ್ದಿದ್ದು ಒಂದು ಪಾಸ್‌ಪೋರ್ಟ್ ಇಲ್ವಾ!" ನಗುತ್ತಲೇ ಅತ್ತಳು. "ಮಾಡಿಸಿ. ಎಷ್ಟು ದಿನ ಆಗುತ್ತೋ ಏನೋ. ವೀಸಾ ಬೇರೆ."

"ಮಾಡಿಸ್ತೀನಿ. ನೀನು ನಡಿ, ತಡ ಆಯ್ತು."

ಪೆಟ್ಟಿಗೆ ಬೆಲ್ಟಿನ ಮೇಲೆ ಸಾಗಿ ರಬ್ಬರ್ ಪಟ್ಟಿಗಳ ಹಿಂದೆ ಮರೆಯಾಯಿತು. ಅದಕ್ಕೆ ಮತ್ತೆ ಹಾಳೆ ಸುತ್ತಲಿಲ್ಲ. ಅವಳು ತಪಾಸಣೆಯ ಸಾಲಿಗೆ ಹೋದಳು. ಅಲ್ಲಿಂದಾಚೆಗೆ ನನ್ನಂಥವರಿಗೆ ಪ್ರವೇಶವಿಲ್ಲ, ಉದ್ದದ ಗಾಜಿನ ಗೋಡೆಯ ಹೊರಗೆ ನಿಂತು ನೋಡಬೇಕು. ಅವಳು ಚಪ್ಪಲಿ ಬಿಚ್ಚಿ ತಟ್ಟೆಯಲ್ಲಿಟ್ಟಳು, ಬಳೆ ಬಿಚ್ಚಿದಳು, ಆಚೆ ಹೋಗಿ ಮತ್ತೆ ಹಾಕಿಕೊಂಡಳು. ಯಾರೋ ನನ್ನ ಹಿಂದೆ ಬಂದು "ಪೆಟ್ಟಿಗೆ ಸುತ್ತೋರು ನೀವೇನಾ?" ಎಂದರು. "ಅಲ್ಲ" ಅಂದೆ.

ಅಷ್ಟರಲ್ಲಿ ಅವಳು ತಿರುಗಿದಳು. ಗಾಜಿನ ಮೇಲೆ ಬಿಸಿಲು ಹೊಳೆಯುತ್ತಿತ್ತು, ನಾನು ಕಾಣಿಸಲಿಲ್ಲವೇನೋ. ಬಹಳ ಆಚೆ, ಯಾರೂ ಇಲ್ಲದ ಕಡೆ ನೋಡಿ ಕೈ ಬೀಸಿದಳು. ನಾನು ಜನರನ್ನು ತಳ್ಳಿಕೊಂಡು ಅಲ್ಲಿಗೆ ಓಡಿದೆ.