ಕನ್ನಡಿ ಇಲ್ಲದ ಚಿತ್ರ

ಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಪುಟ ಕಟ್ಟುವುದು ಅವಳ ಕೆಲಸ. ಎಷ್ಟೇ ಉದ್ದದ ಸುದ್ದಿಯನ್ನಾದರೂ ಕೊಟ್ಟ ಜಾಗದಲ್ಲಿ ಕೂರಿಸುತ್ತಿದ್ದಳು. ಮಂತ್ರಿಗಳ ಭಾಷಣವಾದರಂತೂ ಖುಷಿಯಿಂದಲೇ ಕೂರಿಸುತ್ತಿದ್ದಳು. ಅಲ್ಲಿದ್ದ ಕಟ್ಟುನಿಟ್ಟು ಒಂದೇ: ವ್ಯಂಗ್ಯಚಿತ್ರದ ಅಂಚು ಮುಟ್ಟುವ ಮೊದಲು ಬರೆದವರಿಗೆ ಫೋನ್ ಮಾಡಿ ಕೇಳಬೇಕು. ಬೇರೆ ಯಾರದ್ದೇ ಆಗಿದ್ದರೂ ಕೇಳುತ್ತಿದ್ದಳು. ಆದರೆ ಆ ದಿನ ಕೈಗೆ ಬಂದದ್ದು ಅಕ್ಕನ ಗಂಡನ ಚಿತ್ರ. ನಮ್ಮ ಭಾವ ತಾನೇ, ಏನಂದಾರು ಎಂದುಕೊಂಡಳು. ಮನೆಯವರನ್ನು ನಾವು ಲೆಕ್ಕಕ್ಕಿಡದೆ ಇರುವುದಕ್ಕೆ ಸಲುಗೆ ಎಂಬ ಒಳ್ಳೆಯ ಹೆಸರಿದೆ.

ಚುನಾವಣೆಯ ಸಮಯ. ಚಿತ್ರದಲ್ಲಿ ಧರ್ಮಗುರುವಿನ ನಿಲುವಂಗಿ ತೊಟ್ಟವನೊಬ್ಬ ನಮಗೆ ಬೆನ್ನು ಹಾಕಿ ನಿಂತು, ಮತಪೆಟ್ಟಿಗೆಯನ್ನು ಅಂಗಿಯೊಳಗೆ ಬಚ್ಚಿಡುತ್ತಿದ್ದಾನೆ. ಬಲಗಡೆ ಗೋಡೆಯಲ್ಲಿ ಕನ್ನಡಿ. ಅವನ ಮುಖ ಅದರಲ್ಲಿ ಮಾತ್ರ ಕಾಣುತ್ತದೆ, ಅದು ಮಂತ್ರಿಯ ಮುಖ. ಭಾವ ಬರೆದದ್ದು ಇಷ್ಟು. ಪುಟ ಮುಗಿಯುವ ಹೊತ್ತಿಗೆ ಹಾಸಿಗೆ ಅಂಗಡಿಯ ಜಾಹೀರಾತೊಂದು ಹೇಳಿದ್ದಕ್ಕಿಂತ ಅಗಲವಾಗಿ ಬಂತು. ಕತ್ತರಿ ಚಿತ್ರವನ್ನು ನೋಡಲಿಲ್ಲ, ಅಳೆದಳು. ಕನ್ನಡಿ ಅವಳ ಕಣ್ಣಿಗೆ ಕೋಣೆಯ ಸಾಮಾನಿನ ಹಾಗೆ ಕಂಡಿತು. ತೆಗೆದು ಹಾಕಿದಳು.

ಬೆಳಗಾದರೆ ಊರ ತುಂಬಾ ಗುರುವೇ ಮತ ಕದಿಯುವ ಚಿತ್ರ.

ಮಧ್ಯಾಹ್ನದೊಳಗೆ ಕಚೇರಿಯ ಮುಂಬಾಗಿಲ ಗಾಜು ಪುಡಿಯಾಯಿತು. ಭಾವನ ಮನೆಯ ಗೇಟಿನಲ್ಲಿ ಪೊಲೀಸಿನವನೊಬ್ಬ ಸ್ಟೂಲು ಹಾಕಿಕೊಂಡು ಕೂತ. ಈ ಪತ್ರಿಕೆಯನ್ನು ಕಂಡರಾಗದ ಪತ್ರಿಕೆಗಳೂ ಬೆಂಬಲಕ್ಕೆ ನಿಂತವು. ವರದಿಗಾರರು ಮೈಕು ಹಿಡಿದು ಕೇಳಿದಾಗ ಭಾವ ಹೇಳಿದ್ದು ಒಂದೇ ಮಾತು: “ಪತ್ರಿಕೇಲಿ ಏನು ಬಂದಿದೆಯೋ ಅದು ನನ್ನದು.” ನಮ್ಮ ಲೇಖನಿ ಯಾರಿಗೂ ತಲೆಬಾಗದು ಎಂದು ಸಂಪಾದಕರು ಮೊದಲ ಪುಟದಲ್ಲಿ ಬರೆದರು. ಆ ಪುಟ ಕಟ್ಟಿದವಳೂ ಕತ್ತರಿಯೇ.

ಕೊನೆಗೆ ತಡೆಯಲಾರದೆ ಸಂಪಾದಕರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟಳು. ಅವರು ಎದ್ದು ಬಾಗಿಲು ಮುಚ್ಚಿದರು.

“ಯಾರಿಗೆಲ್ಲ ಗೊತ್ತು?”

“ಯಾರಿಗೂ ಇಲ್ಲ ಸಾರ್. ಪೂರ್ತಿ ಚಿತ್ರ ಹಾಕಿ ತಪ್ಪಾಯ್ತು ಅಂತ ಬರೆದುಬಿಡೋಣ.”

“ಗಾಜು ಒಡೆದ ಮೇಲೆ ಬರೆದ್ರೆ ಹೆದರಿ ಬರೆದ್ರು ಅಂತಾರೆ. ನಮ್ಮ ಪರ ಇಷ್ಟು ಜನ ನಿಂತಿದ್ದಾರೆ. ಅದು ಹಾಸಿಗೆ ಜಾಹೀರಾತಿನ ಎಡವಟ್ಟು ಅಂತ ಅವರಿಗೆ ಹೇಳ್ಲಾ? ಪತ್ರಿಕಾ ಸ್ವಾತಂತ್ರ್ಯದ ಪ್ರಶ್ನೆ ಇದು. ಬಾಯಿ ಮುಚ್ಕೊಂಡಿರು.”

ಕೊನೆಯೆರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದರಲ್ಲ, ಅವರಿಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ. ನಿಜ ಹೇಳಬೇಕೆಂದರೆ ಹೊರಗೆ ಬಂದಾಗ ಅವಳಿಗೆ ನಿರಾಳವಾಗಿತ್ತು. ಹೇಳಿದ್ದೂ ಆಯಿತು, ಕೆಲಸವೂ ಉಳಿಯಿತು. ಮೆಟ್ಟಿಲಿಳಿಯುವಾಗ ಆ ನಿರಾಳಕ್ಕೇ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಅಕ್ಕನ ಮನೆಗೆ ಹೋದಳು. ಭಾವ ವಕೀಲರನ್ನು ಕಾಣಲು ಹೋಗಿದ್ದರು, ಅಕ್ಕ ಕೆಲಸಕ್ಕೆ. ಮನೆಯಲ್ಲಿದ್ದವರು ಭಾವನ ತಾಯಿ ಒಬ್ಬರೇ. ಪ್ರಾರ್ಥನೆಯ ಹೊತ್ತಾಗಿದ್ದರೂ ಅತ್ತೆ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಅಂಥದೇ ನಿಲುವಂಗಿಯ ಗುರುಗಳು ನಡೆಸುವ ಪ್ರಾರ್ಥನೆಯ ಮನೆಯಲ್ಲಿ ಹಾಡಿನ ಮೊದಲ ಸಾಲು ಎತ್ತುತ್ತಿದ್ದುದು ಅವರೇ. ಉಳಿದವರು ಆಮೇಲೆ ದನಿಗೂಡಿಸಬೇಕು.

“ಹೋಗಲಿಲ್ವಾ ಅತ್ತೆ?”

“ಬರಬೇಡ ಅಂತ ಯಾರೂ ಅನ್ನಲಿಲ್ಲಮ್ಮ. ನಾನು ಕೂತ್ರೆ ಪಕ್ಕದವರು ಎದ್ದು ಹೋಗ್ತಾರೆ, ಅಷ್ಟೇ. ನಿನ್ನೆ ಹಾಡು ಬೇರೆ ಯಾರೋ ಎತ್ತಿದ್ರು. ಶ್ರುತಿಯೇ ಇರಲಿಲ್ಲ.”

ಕತ್ತರಿಗೆ ಅಳು ಒತ್ತಿ ಬಂತು. “ಅತ್ತೆ, ಭಾವ ಅದನ್ನ ಹಾಗೆ ಬರೆದಿರಲಿಲ್ಲ. ಅದರಲ್ಲಿ ಒಂದು...”

“ಕನ್ನಡಿ ಇತ್ತು,” ಎಂದರು ಅತ್ತೆ. “ಗೊತ್ತು. ಬರೆದದ್ದನ್ನೆಲ್ಲ ಮೊದಲು ನನಗೇ ತೋರಿಸ್ತಾನಲ್ಲ. ನಾನು ನಕ್ಕರೆ ಮಾತ್ರ ಕಳಿಸೋದು. ಅದಕ್ಕಂತೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೆ.”

“ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?”

“ಯಾರೋ ಪಾಪ ಅವಸರದಲ್ಲಿ ಮಾಡಿದ್ದಾರೆ, ಹೆಸರು ಹೊರಗೆ ಬಂದ್ರೆ ಕಲ್ಲು ಅವರ ಮನೆಗೆ ಬೀಳುತ್ತೆ, ಸುಮ್ನಿರಮ್ಮ ಅಂದ. ಯಾರು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ.” ಮಡಿಸುತ್ತಿದ್ದ ಕೈ ನಿಂತಿತು. ಅತ್ತೆ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಓ,” ಎಂದರು.

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೈಯಲ್ಲಿದ್ದ ಮಗನ ಅಂಗಿಯನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಕೇಳಿದರು: “ನಾಳೆ ನನ್ನ ಜೊತೆ ಬರ್ತೀಯಾ? ಪೇಪರಿನಲ್ಲಿ ಹಾಕೋದೇನೂ ಬೇಡ. ಅಲ್ಲಿರೋ ನಾಲ್ಕು ಹೆಂಗಸರ ಮುಂದೆ ಇದೊಂದು ಮಾತು ಹೇಳು. ಸಾಕು.”

ಹೂಂ ಅನ್ನಬೇಕೆಂದೇ ಅವಳು ಬಾಯಿ ತೆರೆದಳು.

“ಸಂಪಾದಕರನ್ನ ಒಂದು ಮಾತು ಕೇಳಿ ಹೇಳ್ತೀನಿ ಅತ್ತೆ.”

ಅತ್ತೆ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡರು.

“ಇದಕ್ಕೆ ಮಾತ್ರ ಕೇಳ್ತೀಯಾ,” ಎಂದರು.