ಬೀಸದ ಬ್ಯಾಟು

ಬಸ್ ಡಿಪೋದ ಮೆಕ್ಯಾನಿಕ್‌ಗೆ ಮಕ್ಕಳ ಬೇಸ್‌ಬಾಲ್ ಅಂದರೆ ಪ್ರಾಣ. ಸಂಬಳವಿಲ್ಲ, ಸನ್ಮಾನವಿಲ್ಲ, ಆದರೂ ಹದಿಮೂರು ವರ್ಷಗಳಿಂದ ಡ್ಯೂಟಿ ಮುಗಿದದ್ದೇ ತಡ, ಉಗುರಿನ ಗ್ರೀಸ್ ಹೋಗುವ ಮೊದಲೇ ಮೈದಾನದಲ್ಲಿ ಹಾಜರು. "ಮನೇಲೊಂದು ನಲ್ಲಿ ರಿಪೇರಿ ಮಾಡೋಕೆ ಪುರುಸೊತ್ತಿಲ್ಲ, ಊರ ಮಕ್ಕಳಿಗೆಲ್ಲ ಗುರುಗಳು!" ಎಂದು ಹೆಂಡತಿ ಮೂತಿ ತಿರುವುತ್ತಿದ್ದಳು. ಪ್ರತಿ ವರ್ಷ ಅಪ್ಪ ಅಮ್ಮಂದಿರನ್ನು ಕೂಡಿಸಿ ಅವನು ಒಂದೇ ಮಾತು ಹೇಳುತ್ತಿದ್ದ: "ನಮಗೆ ಮಗು ಮುಖ್ಯ ಕಣ್ರೀ, ಗೆಲುವಲ್ಲ." ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಹೇಳುವುದಕ್ಕೇನು, ನಾಲಿಗೆಗೆ ಮೂಳೆಯಿಲ್ಲವಲ್ಲ!

ಈ ವರ್ಷ ತಂಡಕ್ಕೆ ಟೈಲರ್‌ನ ಮಗಳು ಸೇರಿದಳು. ಒಂಬತ್ತು ವರ್ಷ, ನೋಡಿದರೆ ಆರು ಎನ್ನಬೇಕು. ಎಲ್ಲರಿಗೂ ಅವಳು ಗುಬ್ಬಿ. ಅತಿ ಚಿಕ್ಕ ಅಂಗಿಯೂ ಅವಳ ಮೊಣಕಾಲಿಗೆ ಬರುತ್ತಿತ್ತು. ಅಪ್ಪ ಕೂತು ಎರಡು ಕಡೆ ಹಿಡಿದು ಹೊಲಿದುಕೊಟ್ಟ. ಅವಳಿಗೆ ಇದ್ದದ್ದು ಒಂದೇ ಆಸೆ. ಒಮ್ಮೆ, ಒಂದೇ ಒಂದು ಸಲ, ಅಪ್ಪ ನೋಡುತ್ತಿರುವಾಗ ಚೆಂಡಿಗೆ ಟಣ್ ಎಂದು ಹೊಡೆಯಬೇಕು.

ಮೆಕ್ಯಾನಿಕ್‌ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. ಈ ಆಟದಲ್ಲಿ ಚೆಂಡು ಬ್ಯಾಟು ಹಿಡಿದವರ ಮೊಣಕಾಲಿಗೂ ಎದೆಗೂ ನಡುವೆ ಬರಬೇಕು. ಹಾಗೆ ಬಾರದ ಚೆಂಡು ನಾಲ್ಕಾದರೆ, ಹೊಡೆಯದೆಯೇ ಮೊದಲ ಬೇಸಿಗೆ, ಅಂದರೆ ರನ್ನಿನ ದಾರಿಯ ಮೊದಲ ನಿಲ್ದಾಣಕ್ಕೆ, ನಡೆದು ಹೋಗಬಹುದು. ಸರಿಯಾಗಿ ಬಂದದ್ದು ಮೂರು ತಪ್ಪಿದರೆ ಔಟ್. ಗುಬ್ಬಿಯ ಮೊಣಕಾಲಿಗೂ ಎದೆಗೂ ನಡುವೆ ಇರುವುದೇ ಒಂದು ಗೇಣು! ಎಸೆಯುವ ಮಕ್ಕಳಿಗೆ ಅಷ್ಟು ಸಂದಿಯಲ್ಲಿ ಚೆಂಡು ತೂರಿಸಲು ಎಲ್ಲಿಂದ ಬರಬೇಕು?

ಅವಳನ್ನು ಪಕ್ಕಕ್ಕೆ ಕರೆದು ಹೇಳಿದ: "ಪುಟ್ಟೀ, ನೀನು ಬ್ಯಾಟ್ ಬೀಸ್ಬೇಡ. ಕಂಬದ ಥರ ನಿಂತ್ಕೋ ಸಾಕು. ಇದು ನಮ್ಮಿಬ್ಬರ ಗುಟ್ಟು, ಯಾರಿಗೂ ಬಾಯಿ ಬಿಡ್ಬೇಡ."

"ಆಮೇಲೆ ಹೊಡೆಯೋದು ಕಲಿಸ್ತೀರಾ ಸರ್?"

"ಕಲಿಸ್ತೀನಿ, ಕಲಿಸ್ತೀನಿ."

ಎಲ್ಲಿ ಕಲಿಸಿದ? ಉಳಿದ ಹನ್ನೊಂದು ಮಕ್ಕಳು ಸರದಿಯಲ್ಲಿ ನಿಂತು ಹೊಡೆಯುವಾಗ ಗುಬ್ಬಿ ಚೆಂಡು ಆಯ್ದು ಬಕೆಟ್ಟಿಗೆ ತುಂಬುತ್ತಿದ್ದಳು. ಪಂದ್ಯದಲ್ಲಿ ಮಾತ್ರ ಮೂರೂ ಬೇಸುಗಳಲ್ಲಿ ತಂಡದ ಮಕ್ಕಳು ನಿಂತಾಗ ಅವಳೇ ಬೇಕು. ಅವಳು ನಡೆದರೆ ಎಲ್ಲರೂ ಒಂದೊಂದು ಬೇಸು ಮುಂದೆ ಸರಿದು ಒಂದು ರನ್ನು ಪುಕ್ಕಟೆ. ಹೀಗೇ ತಂಡ ಫೈನಲ್‌ಗೆ ಬಂತು. ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಫೈನಲ್ ದಿನ ಟೈಲರ್ ಮೊದಲ ಬಾರಿಗೆ ಅಂಗಡಿ ಮುಚ್ಚಿ ಆಟ ನೋಡಲು ಬಂದ. ಎದುರು ತಂಡಕ್ಕೆ ಕಲಿಸುವಾಕೆ ಒಬ್ಬ ನರ್ಸ್. ಮಕ್ಕಳೆಲ್ಲ ಮೇಡಂ ಎನ್ನುತ್ತಿದ್ದರು. ಅವಳ ತಂಡದಲ್ಲೂ ಗುಬ್ಬಿಯಷ್ಟೇ ಕುಳ್ಳನೊಬ್ಬನಿದ್ದ. ಅವನು ಎರಡು ಸಲ ಗಾಳಿಗೆ ಬೀಸಿ, ಮೂರನೆಯದಕ್ಕೆ ಚೆಂಡನ್ನು ತಾಗಿಸಿಯೇ ಬಿಟ್ಟ. ಗುಬ್ಬಿ ಕಣ್ಣು ಪಿಳುಕಿಸದೆ ಅವನನ್ನೇ ನೋಡಿದಳು.

ಕೊನೆಯ ಸರದಿ. ಮೆಕ್ಯಾನಿಕ್‌ನ ತಂಡ ಒಂದೇ ರನ್ನು ಹಿಂದಿದೆ, ಇನ್ನೊಬ್ಬರು ಔಟಾದರೆ ಮುಗಿಯಿತು. ಮೂರೂ ಬೇಸು ಭರ್ತಿ. ಮೆಕ್ಯಾನಿಕ್ ಗುಬ್ಬಿಯನ್ನು ಕಳಿಸಿದ. ಆದರೆ ಮೇಡಂಗೆ ಕಣ್ಣಿರಲಿಲ್ಲವೇ? ನಿಧಾನವಾಗಿ ನಡೆದು ಬಂದು ಎಸೆಯುವ ಹುಡುಗಿಯ ಕಿವಿಯಲ್ಲಿ ಏನೋ ಹೇಳಿ ಹೋದಳು. ಹುಡುಗಿ ವೇಗ ಬಿಟ್ಟು, ಕೈಗೆ ಕೊಡುವ ಹಾಗೆ ಮೆತ್ತಗೆ ಎಸೆದಳು. ಚೆಂಡು ನೇರ ನಡುವೆ ಬಂತು. ಗುಬ್ಬಿ ಕಂಬದ ಥರ ನಿಂತಿದ್ದಳು. ಎರಡನೆಯದೂ ಹಾಗೇ. ಇನ್ನೊಂದು ಹೋದರೆ ಔಟ್.

ಮೆಕ್ಯಾನಿಕ್ "ಬೀಸೇ! ಬೀಸು!" ಎಂದು ಗಂಟಲು ಹರಿಯುವಂತೆ ಕೂಗಿದ.

ಗುಬ್ಬಿ ತಿರುಗಿ ಅವನ ಮುಖ ನೋಡಿದಳು. ಬೀಸುವುದು ಹೇಗೆ ಎಂದು ಅವಳ ಕಣ್ಣು ಕೇಳುತ್ತಿತ್ತು. ಚೆಂಡು ಬಂತು. ಅದು ಹಿಂದೆ ಚೆಂಡು ಹಿಡಿಯುವ ಹುಡುಗನ ಕೈಗವಸಿನೊಳಗೆ ಕೂತ ಮೇಲೆ ಅವಳು ಕೊಡಲಿ ಎತ್ತಿದ ಹಾಗೆ ಬ್ಯಾಟು ಎತ್ತಿ, ತೂಕ ತಡೆಯಲಾರದೆ ಮುಗ್ಗರಿಸಿ ಬಿದ್ದಳು. ಯಾರೋ ಕಿಸಕ್ಕನೆ ನಕ್ಕರು.

ಟೈಲರ್ ಮಗಳ ಮಂಡಿಯ ಮಣ್ಣು ಕೊಡವಿ, ಅವಳನ್ನು ಕರೆದುಕೊಂಡು ನೇರ ಮೆಕ್ಯಾನಿಕ್‌ನ ಬಳಿ ಬಂದ.

"ತಪ್ಪು ತಿಳ್ಕೋಬೇಡಿ ಸಾರ್. ನೀವು ಇಷ್ಟು ದಿನ ಕಷ್ಟಪಟ್ಟು ಕಲಿಸಿದ್ರಿ. ಇವಳು ಎಲ್ಲಾ ನೀರಲ್ಲಿ ಹೋಮ ಮಾಡಿದಳು."

ಗುಬ್ಬಿ ತುಟಿ ಪಿಟಕ್ಕೆನ್ನಲಿಲ್ಲ. ಗುಟ್ಟು ಕಾಯುತ್ತಿದ್ದಳು, ಪಾಪ. ಆಗಲಾದರೂ ಈ ಮನುಷ್ಯ ಬಾಯಿ ಬಿಡಬೇಕೋ ಬೇಡವೋ? ಸುತ್ತ ಅಷ್ಟು ಜನ ಅಪ್ಪ ಅಮ್ಮಂದಿರು ನಿಂತಿದ್ದರು. ಅವನು ದೊಡ್ಡ ಮನಸ್ಸಿನವನ ಹಾಗೆ ಅವಳ ತಲೆ ಸವರಿ, "ಹೋಗ್ಲಿ ಬಿಡಿ ಅಣ್ಣಾ, ಮಕ್ಕಳಲ್ವಾ" ಎಂದ. ತಾನು ಮಾಡಿದ ತಪ್ಪಿಗೆ ಅವಳನ್ನು ಕ್ಷಮಿಸಿದ!

ಆ ಮಾತು ಬಾಯಿಂದ ಹೊರಬಿದ್ದ ಗಳಿಗೆಯಿಂದ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಮರುದಿನ ಟೈಲರ್ ಡಿಪೋಗೇ ಬಂದ. ಒಗೆದು ಇಸ್ತ್ರಿ ಮಾಡಿದ ಅಂಗಿ ಕೈಯಲ್ಲಿತ್ತು. ಹಿಡಿದು ಹಾಕಿದ್ದ ಹೊಲಿಗೆಯನ್ನೂ ಬಿಚ್ಚಿದ್ದ.

"ಬೇರೆ ಮಗುಗೆ ಆಗುತ್ತೆ ಸಾರ್. ತನ್ನ ಕೈಲಿ ಆಗಲ್ಲ ಅಂತಾಳೆ. ರಾತ್ರಿಯೆಲ್ಲ ಅತ್ತಳು."

ಅವನು ಹೋದ ಮೇಲೆ ಮೆಕ್ಯಾನಿಕ್ ಬಸ್ಸಿನ ಕೆಳಗೆ ತೂರಿಕೊಂಡ. ಎಷ್ಟು ಹೊತ್ತು ಅಂತ ಅಲ್ಲಿ ಮುಖ ಮುಚ್ಚಿಕೊಂಡಿರುವುದು? ಊಟದ ಬಿಡುವಿಗೆ ಕೈ ತೊಳೆದು ಅಂಗಡಿಗೆ ಹೋದ. ಇಬ್ಬರು ಗಿರಾಕಿಗಳಿದ್ದರು. ಗುಬ್ಬಿ ಮೂಲೆಯಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಗಿರಾಕಿಗಳು ಹೋಗಲಿ ಎಂದು ಕಾದರೆ ಮತ್ತೆ ಧೈರ್ಯ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಅಣ್ಣಾ, ನಿಮ್ಮ ಮಗಳದು ತಪ್ಪಿಲ್ಲ. ನಾನೇ ಬೀಸ್ಬೇಡ ಅಂದಿದ್ದೆ. ಒಂದು ದಿನವೂ ಅವಳಿಗೆ ಹೊಡೆಯೋದು ಕಲಿಸ್ಲಿಲ್ಲ."

ಟೈಲರ್‌ನ ಮಿಷನ್ನು ನಿಂತಿತು.

"ಗುಟ್ಟು ಹೇಳ್ಬಿಟ್ರಾ ಸರ್?" ಎಂದಳು ಗುಬ್ಬಿ. "ನಾನು ಅಪ್ಪನಿಗೂ ಹೇಳಿರ್ಲಿಲ್ಲ."

ಮೆಕ್ಯಾನಿಕ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹಾಗಾದ್ರೆ ನಂಗೆ ಬರಲ್ಲ ಅಂತ ಅಲ್ಲ, ಅಲ್ವಾ?"

"ಅಲ್ಲ ಮಗಳೇ. ನನಗೆ ಗೆಲ್ಲೋ ಹುಚ್ಚು ಹಿಡಿದಿತ್ತು. ನಾಳೆಯಿಂದ ಬಾ, ಮೊದಲು ನಿನಗೇ ಕಲಿಸ್ತೀನಿ."

ಗುಬ್ಬಿ ಕೈಯಲ್ಲಿದ್ದ ಗುಂಡಿಯನ್ನು ಅದರ ಬಣ್ಣದ ಗುಂಪಿಗೆ ಸೇರಿಸಿದಳು. ಕೋಪವೇನೂ ಇರಲಿಲ್ಲ ಅವಳ ದನಿಯಲ್ಲಿ.

"ಸರ್, ಆ ಮೇಡಂ ನನ್ನನ್ನ ಸೇರಿಸ್ಕೋತಾರಾ? ಅವರು ಚಿಕ್ಕೋರಿಗೂ ಕಲಿಸ್ತಾರೆ."

ಟೈಲರ್ ತಲೆ ಎತ್ತದೆ ಮತ್ತೆ ಮಿಷನ್ನು ತುಳಿಯತೊಡಗಿದ. ಗಿರಾಕಿಗಳು ಮೆಕ್ಯಾನಿಕ್‌ನನ್ನೇ ನೋಡುತ್ತಿದ್ದರು.

"ಸೇರಿಸ್ಕೋತಾರೆ ಪುಟ್ಟೀ, ಚೆನ್ನಾಗಿ ಕಲಿಸ್ತಾರೆ" ಎಂದ ಮೆಕ್ಯಾನಿಕ್. ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಮೇಡಂನ ಮೈದಾನ ಎಲ್ಲಿದೆ, ಎಷ್ಟು ಗಂಟೆಗೆ ಹೋಗಬೇಕು ಎಂಬುದನ್ನು ಅವಳಿಗೆ ಓದಲು ಬರುವ ಹಾಗೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ.