ಹೂಂ ಅನ್ನದ ಗ್ರೂಪು

ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರ ಸಂಘದ ಕಚೇರಿಗೆ ಹತ್ತೊಂಬತ್ತು ಮೆಟ್ಟಿಲು. ಒಂದು ಕಾಲಕ್ಕೆ ಅಲ್ಲಿ ಚಪ್ಪಲಿ ಬಿಡಲು ಜಾಗ ಸಿಗುತ್ತಿರಲಿಲ್ಲ. ಈಗ ಆ ಮೆಟ್ಟಿಲು ಹತ್ತುವವನು ಹಾಲಿನವನೊಬ್ಬನೇ. ಮೊಣಕಾಲು ಕೈಕೊಟ್ಟ ಮೇಲೆ ಸಂಘದ ಕಾರ್ಯದರ್ಶಿ ಉಜ್ವಲಾ ಕಚೇರಿಯ ಹಿಂದಿನ ಕೋಣೆಯಲ್ಲೇ ಉಣ್ಣುತ್ತಾಳೆ, ಅಲ್ಲೇ ಮಲಗುತ್ತಾಳೆ.

ಮೆಟ್ಟಿಲನ್ನು ಬರಿದು ಮಾಡಿದವಳೂ ಅವಳೇ. ಸಭೆಗೆ ಬಂದ ದಿನ ಹೆಂಗಸರ ಅರ್ಧ ದಿನದ ದುಡಿಮೆ ಹಾಳಾಗುತ್ತದಲ್ಲ ಎಂದು ಮರುಗಿ ಮೊಬೈಲಿನಲ್ಲಿ ಗ್ರೂಪು ಮಾಡಿಸಿದ್ದಳು. ಇನ್ನೂರ ಹನ್ನೆರಡು ಮಂದಿ ಸೇರಿದರು. ಅವಳದ್ದು ಮಾತ್ರ ಗುಂಡಿ ಒತ್ತುವ ಹಳೇ ಫೋನು. ಗ್ರೂಪನ್ನು ಅವಳು ಕಚೇರಿಯ ಕಂಪ್ಯೂಟರಿನಲ್ಲೇ ನೋಡಬೇಕು.

ಆ ಕಂಪ್ಯೂಟರಿನ ಮೆಸೇಜಿನ ಸಾಫ್ಟ್‌ವೇರ್ ಮಲತಾಯಿಯ ಮನೆಯ ಕೂಸು. ಮೊಬೈಲಿನವರಿಗೆ ಹದಿನೈದು ದಿನಕ್ಕೊಂದು ಹೊಸ ಸೌಲಭ್ಯ, ಹೊಸ ಬಣ್ಣ. ಕಂಪ್ಯೂಟರಿನವರಿಗೆ ಮೂರು ವರ್ಷದಿಂದ ಅದೇ ಬೂದು ಪರದೆ. ಫೋಟೋ ಒಮ್ಮೆ ತೆರೆದರೆ ಒಮ್ಮೆ ಇಲ್ಲ. ಯಾವುದನ್ನು ಒತ್ತಿದರೂ ‘ಇದನ್ನು ಇಲ್ಲಿ ತೋರಿಸಲಾಗದು, ಮೊಬೈಲಿನಲ್ಲಿ ನೋಡಿ’ ಎಂಬ ಉಪದೇಶ. ಅಂಥ ಮೊಬೈಲ್ ಇದ್ದಿದ್ದರೆ ಇದರ ಮುಂದೆ ಯಾಕೆ ಕೂರುತ್ತಿದ್ದೆ ಎಂದು ಉಜ್ವಲಾ ಕಂಪನಿಗೆ ಮೂರು ಸಲ ಬರೆದಳು. ಮೂರು ಸಲವೂ ಒಂದೇ ಉತ್ತರ ಬಂತು: ನಿಮ್ಮ ಅನಿಸಿಕೆ ನಮಗೆ ಅಮೂಲ್ಯ. ಅಮೂಲ್ಯವಂತೆ! ಬಡವರ ಅರ್ಜಿಯ ಮೇಲೆ ಸಾಹೇಬರು ಚಹಾದ ಕಪ್ಪಿಡುವಾಗಲೂ ಇದೇ ಮಾತು ಹೇಳುತ್ತಾರೆ.

ಆದರೂ ಆ ಪರದೆಯಲ್ಲಿ ಒಂದು ಸುಖವಿತ್ತು. ಏನಾದರೂ ಕೇಳಿದರೆ ಬರೆಯಲು ಬಾರದ ಹೆಂಗಸರು ದನಿ ಕಳಿಸುತ್ತಿದ್ದರು. ‘ಹೂಂ ಅಕ್ಕಾ’, ಅಷ್ಟೇ. ಆ ಹೂಂನ ಹಿಂದೆ ಕುಕ್ಕರಿನ ಸೀಟಿ, ಎಲೆ ಕತ್ತರಿಸುವ ಕತ್ತರಿಯ ಸದ್ದು, ಸೊಸೆಗೆ ಬೈಯುವ ಅತ್ತೆ. ಉಜ್ವಲಾ ಊಟದ ತಟ್ಟೆ ಹಿಡಿದು ಒಂದೊಂದೇ ಹೂಂ ಕೇಳುತ್ತ ಉಣ್ಣುತ್ತಿದ್ದಳು.

ಎರಡು ತಿಂಗಳಿಂದ ಆ ಹೂಂ ನಿಂತುಹೋಗಿತ್ತು. ಅವಳು ಕೇಳುತ್ತಿದ್ದಳು, ಗ್ರೂಪು ಮೂಕವಾಗಿರುತ್ತಿತ್ತು.

ಈ ಸಲ ಕೇಳಿದ್ದು ಸಣ್ಣ ವಿಷಯವಲ್ಲ. ಕಟ್ಟಿ ಗುತ್ತಿಗೆದಾರನ ವಖಾರಿಗೆ, ಅಂದರೆ ಗೋದಾಮಿಗೆ, ಒಯ್ದ ಬೀಡಿಯಲ್ಲಿ ಒಂದಿಷ್ಟನ್ನು ಅವನ ಆಳು ‘ಇವು ಸರಿಯಿಲ್ಲ’ ಎಂದು ಕಿತ್ತಿಡುತ್ತಾನೆ. ಕಿತ್ತಿಟ್ಟಿದ್ದಕ್ಕೆ ಕೂಲಿಯಿಲ್ಲ, ವಾಪಸ್ಸೂ ಕೊಡುವುದಿಲ್ಲ, ಆದರೆ ಪೇಟೆಯಲ್ಲಿ ಅವೂ ಮಾರಿಹೋಗುತ್ತವೆ. ಆ ಕಳ್ಳತನ ಇತ್ತೀಚೆಗೆ ಮಿತಿ ಮೀರಿತ್ತು. ಮಂಗಳವಾರ ಉಜ್ವಲಾ ಬರೆದಳು: ಶುಕ್ರವಾರ ಹತ್ತು ಗಂಟೆಗೆ ವಖಾರಿಯ ಬಾಗಿಲಲ್ಲಿ ಧರಣಿ ಕೂಡೋಣ, ಯಾರ‍್ಯಾರು ಬರುತ್ತೀರಿ ಹೇಳಿರಿ.

ಒಂದು ಹೂಂ ಇಲ್ಲ. ಬುಧವಾರ ಮತ್ತೆ ಬರೆದಳು. ಇಲ್ಲ. ಫೋನು ಮಾಡಿ ಕೇಳಬಹುದಿತ್ತು. ಆದರೆ ಮೂವತ್ತು ವರ್ಷ ಒಂದು ಕೂಗಿಗೆ ಓಡಿ ಬಂದವರನ್ನು ಈಗ ಬೇಡಿ ಕರೆಯಲು ಅವಳ ಮನಸ್ಸು ಒಪ್ಪಲಿಲ್ಲ. ಗುರುವಾರ ಸಂಜೆ ಒಂದೇ ಸಾಲು ಬರೆದಳು: ಯಾರೂ ಒಪ್ಪಲಿಲ್ಲ, ಧರಣಿ ರದ್ದು, ಬೇರೆ ಕಾರ್ಯದರ್ಶಿಯನ್ನು ನೋಡಿಕೊಳ್ಳಿರಿ.

ಶುಕ್ರವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಸದ್ದಾಯಿತು. ಬಂದವಳು ಮಲಕವ್ವ, ಸಂಘದ ಹಳೆಯ ಸದಸ್ಯೆ, ಮಾತಿಗೆ ಹರಿತ. ವಖಾರಿಯಿಂದ ನೇರ ಬಂದಿದ್ದಳು. ಇವತ್ತು ಆ ಆಳು ಎಂದಿಗಿಂತ ಹೆಚ್ಚೇ ಕಿತ್ತಿಟ್ಟನಂತೆ, ನಿಮ್ಮಕ್ಕ ಬರಲಿಲ್ಲೇನು ಎಂದು ನಕ್ಕನಂತೆ. ಅಷ್ಟು ಹೇಳಿ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು.

“ಎದಕ್ಕ ರದ್ದ ಮಾಡಿದ್ರಿ ಅಕ್ಕಾ? ಅವ್ನ ಕೂಡ ರಾಜಿ ಆದ್ರ್ಯಾ?”

“ನಿಮಗ ಬ್ಯಾಡಾಗಿದ್ದು ನನಗೊಬ್ಬಾಕಿಗೇ ಬೇಕೇನ? ಒಬ್ಬಾಕಿನರೆ ಹೂಂ ಅಂದಾಳ?”

“ಒಬ್ಬಾಕಿ?” ಮಲಕವ್ವ ಸೆರಗಿನ ಗಂಟಿನಿಂದ ಮೊಬೈಲು ತೆಗೆದಳು. “ನೂರಾ ಅರವತ್ತೇಳ ಮಂದಿ ಹೆಬ್ಬಟ್ಟ ಒತ್ತೇವಿ. ಎರಡ ತಿಂಗಳಾತ ಮೊಬೈಲಿನ್ಯಾಗ ಇದು ಬಂದು, ಹೂಂ ಅನ್ನೂದ ಬ್ಯಾಡ. ಓಣಿ ತುಂಬ ಮುದುಕ್ಯಾರಿಗೆಲ್ಲ ನಾನ ಕಲಿಸೇನಿ. ಸಂಘದ ಬುಕ್ಕಿನ್ಯಾಗ ಒತ್ತತಿದ್ರೆಲ್ಲ, ಹಂಗ ಇಲ್ಲೂ ಒತ್ತರಿ, ಅಕ್ಕಗ ತಿಳೀತೈತಿ ಅಂತ.”

ಉಜ್ವಲಾ ಮೊಬೈಲನ್ನು ಕಂಪ್ಯೂಟರಿನ ಪಕ್ಕಕ್ಕೆ ಹಿಡಿದಳು. ಎರಡರಲ್ಲೂ ಅದೇ ಮಾತು, ಅವಳೇ ಬರೆದದ್ದು. ಮೊಬೈಲಿನಲ್ಲಿ ಅದರ ಕೆಳಗೆ ಹಳದಿ ಹೆಬ್ಬೆಟ್ಟು, ಪಕ್ಕದಲ್ಲಿ ನೂರಾ ಅರವತ್ತೇಳು ಎಂಬ ಅಂಕಿ. ಕಂಪ್ಯೂಟರಿನಲ್ಲಿ ಏನೂ ಇಲ್ಲ. ಮೊಬೈಲಿನಲ್ಲಿ ನೋಡಿ ಎಂಬ ಉಪದೇಶವೂ ಇಲ್ಲ. ಅವಳು ಸೆರಗಿನಿಂದ ಪರದೆ ಒರೆಸಿದಳು. ಧೂಳು ಹೋಯಿತು, ಹೆಬ್ಬೆಟ್ಟು ಬರಲಿಲ್ಲ. ಮೊಬೈಲಿನಲ್ಲಿ ಎರಡು ತಿಂಗಳು ಹಿಂದೆ ಹೋಗಿ ನೋಡಿದಳು. ತನ್ನ ಮೊಣಕಾಲಿನ ವಿಷಯ ಬರೆದಿದ್ದಳಲ್ಲ, ಅದರ ಕೆಳಗೂ ಕೆಂಪು ಹೃದಯಗಳು, ತೊಂಬತ್ತೋ ನೂರೋ.

ಸಿಟ್ಟಿನ ಬೆಂಕಿಯನ್ನು ಯಾರ ಮೇಲೆ ಹಾಕಬೇಕೆಂದು ಅವಳಿಗೆ ತಿಳಿಯಲಿಲ್ಲ. ಆ ಸಾಫ್ಟ್‌ವೇರ್ ಮಾಡಿದವನ ಹೆಸರಿಲ್ಲ, ಊರಿಲ್ಲ, ಧರಣಿ ಕೂರಲು ಅವನ ಬಾಗಿಲಿಲ್ಲ. ಮೊಬೈಲಿಗೆ ಬಾಯಿ ಕೊಟ್ಟು ಕಂಪ್ಯೂಟರಿನ ಕಿವಿ ಕಿತ್ತಿದ್ದ. ಇವಳೋ ಹೆಂಗಸರನ್ನೇ ದೂರಿದ್ದಳು.

“ಎಲಿ ನೆನಿ ಹಾಕಿ ಬಂದೇನ್ರಿ,” ಎಂದು ಮಲಕವ್ವ ಮೊಬೈಲು, ಬುಟ್ಟಿ ಎತ್ತಿಕೊಂಡಳು. ಹೋಗುವ ಮುನ್ನ ಕಂಪ್ಯೂಟರಿನ ತಲೆಗೆ ಒಂದು ಮೊಟಕಿ, “ಇದನ್ನ ಭಂಗಾರದಾವಗ ಹಾಕ್ರಿ,” ಎಂದಳು. ಗುಜರಿಯವನು ಕೂಡ ಒಯ್ಯಲಿಕ್ಕಿಲ್ಲ ಎಂದು ಉಜ್ವಲಾ ನಗಲು ಹೋದಳು. ಅಷ್ಟರಲ್ಲಿ ಮಲಕವ್ವನ ಹೆಜ್ಜೆಯ ಸದ್ದು ಕೆಳಗಿಳಿದು ಹೋಗಿತ್ತು.

ಸೋಮವಾರ ಬೆಳಿಗ್ಗೆ ಅವಳು ಕಪಾಟಿನಿಂದ, ಹೆಂಗಸರು ಹೆಬ್ಬೆಟ್ಟು ಒತ್ತುತ್ತಿದ್ದ ಹಳೆಯ ಠರಾವಿನ ಪುಸ್ತಕ ತೆಗೆದಳು. ಶಾಯಿಯ ಡಬ್ಬಿ ಒಣಗಿ ಬಿರಿದಿತ್ತು. ನಾಲ್ಕು ಹನಿ ನೀರು ಹಾಕಿದಳು. ಹೊಸ ಹಾಳೆಯಲ್ಲಿ ಬರುವ ಶುಕ್ರವಾರದ ದಿನಾಂಕ ಬರೆದು, ಗೋಡೆ ಹಿಡಿದು ಹತ್ತೊಂಬತ್ತು ಮೆಟ್ಟಿಲು ಇಳಿದಳು. ಪ್ರತಿ ಮೆಟ್ಟಿಲಿಗೂ ಮೊಣಕಾಲು ತಕರಾರು ಹೇಳಿತು. ಮೊದಲ ಮೂರು ಮನೆಗೆ ಬೀಗ. ನಾಲ್ಕನೆಯ ಮನೆಯ ಕಟ್ಟೆಯ ಮೇಲೆ ಮುದುಕಿ ಕೆಂಪವ್ವ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಇವಳನ್ನು ನೋಡಿ ಗಾಬರಿಯಾದಳು.

“ಗ್ರೂಪಿನ್ಯಾಗ ಹಾಕಿದ್ರ ಸಾಕಿತ್ತಲ್ರಿ ಅಕ್ಕಾ. ಇಂಥ ಕಾಲ ತಗೊಂಡ ಯಾಕ ಬಂದ್ರಿ?”

“ಅದರಾಗ ನೀವು ನನಗ ಕಾಣಂಗಿಲ್ಲ, ಕೆಂಪವ್ವಾ.”

ಮುದುಕಿಗೆ ಅದು ಅರ್ಥವಾಗಲಿಲ್ಲ. ಆದರೂ ಮೊರ ಇಳಿಸದೆ ಎಡಗೈ ಚಾಚಿದಳು. ತಂಬಾಕು ತುಂಬಿ ತುಂಬಿ ಕಂದಾಗಿದ್ದ ಹೆಬ್ಬೆಟ್ಟಿಗೆ ಶಾಯಿ ಹತ್ತಿತೋ ಇಲ್ಲವೋ ತಿಳಿಯುವಂತಿರಲಿಲ್ಲ. ಉಜ್ವಲಾ ಆ ಬೆರಳನ್ನು ಹಿಡಿದು ಹಾಳೆಗೆ ಒತ್ತಿದಳು, ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.